ಬೀಗದ ಕೈ ಯಾರ ಕೈಯಲ್ಲಿ?

ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯಿರಲಿ, ವಾಶಿ ಮಾರುಕಟ್ಟೆಯ ಅಂಗಡಿಯಿರಲಿ, ಠಾಣೆಯ ಸಿ.ಎ. ಆಫೀಸಿರಲಿ, ಕಾಮರ್ಸ್ ಮುಗಿಸಿದ ನಮ್ಮ ಯುವಕ ಯುವತಿಯರು ಮೊದಲು ಕೂರುವುದು ಹೆಚ್ಚಾಗಿ 'ಟ್ಯಾಲಿ'ಯ ಮುಂದೆ. ಈ ಟ್ಯಾಲಿ ನಮ್ಮ ಬೆಂಗಳೂರಿನದೇ. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಹಾಗೂ ಅವರ ಪುತ್ರ ಭರತ್ ಆರಂಭಿಸಿದ ಸಂಸ್ಥೆಯದು. ಆದರೆ ಅದರೊಳಗಿನ ಒಂದು ಸೌಲಭ್ಯವನ್ನು ಎಷ್ಟೋ ಸಣ್ಣ ಕಚೇರಿಗಳು ಮುಟ್ಟಿಯೂ ನೋಡುವುದಿಲ್ಲ. ಇಡೀ ಆಫೀಸಿಗೆ ಒಂದೇ ಪಾಸ್‌ವರ್ಡ್, ಅದೂ ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ!

ಆ ಸೌಲಭ್ಯವೆಂದರೆ ಬಳಸುವವರನ್ನು ಗುಂಪುಗಳಾಗಿ ವಿಂಗಡಿಸಿ, ಅಧಿಕಾರವನ್ನು ಗುಂಪಿಗೆ ಕೊಡುವುದು. ಉಡುಪಿ ಹೋಟೆಲು ನಡೆಸಿದ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಗಲ್ಲಾದಲ್ಲಿ ಕೂತವರಿಗೆ ಹಣದ ಪೆಟ್ಟಿಗೆಯ ಬೀಗದ ಕೈ, ಅಡುಗೆ ಭಟ್ಟರಿಗೆ ಉಗ್ರಾಣದ್ದು. ಮಾಣಿಗೆ ಎರಡೂ ಇಲ್ಲ. ಭಟ್ಟರು ಊರಿಗೆ ಹೋದರೆ ಅದು ಬದಲಿ ಭಟ್ಟರ ಸೊಂಟಕ್ಕೆ. ಅಂದರೆ ಬೀಗದ ಕೈ ಮನುಷ್ಯನಿಗಲ್ಲ, ಮಾಡುವ ಕೆಲಸಕ್ಕೆ. ಇದನ್ನೇ ಗಣಕಯಂತ್ರಕ್ಕೆ ಒಗ್ಗುವ ಸಿದ್ಧಾಂತವಾಗಿ 1992ರಲ್ಲಿ ಬರೆದವರು ಅಮೆರಿಕದ ನಿಸ್ಟ್ ಸಂಸ್ಥೆಯ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್. 2004ರಲ್ಲಿ ಅದು ಅಲ್ಲಿನ ರಾಷ್ಟ್ರೀಯ ಮಾನದಂಡವೂ ಆಯಿತು.

ಟ್ಯಾಲಿಯಲ್ಲಿ 'ಓನರ್', 'ಡೇಟಾ ಎಂಟ್ರಿ' ಎಂಬ ಗುಂಪುಗಳು ಸಿದ್ಧವಾಗಿಯೇ ಬರುತ್ತವೆ. 'ಬಿಲ್ಲಿಂಗ್', 'ಗೋಡೌನ್' ಎಂದು ನಾವೂ ಮಾಡಿಕೊಳ್ಳಬಹುದು. ಬಿಲ್ಲು ಬರೆಯಬಹುದು, ತಿದ್ದುವಂತಿಲ್ಲ. ಹಿಂದಿನ ತಾರೀಖಿನ ವೋಚರು ಇಷ್ಟೇ ದಿನ ಹಿಂದಕ್ಕೆ ಎಂದೆಲ್ಲ ಗೆರೆ ಎಳೆಯಬಹುದು. ಹೊಸಬರು ಬಂದರೆ ಗುಂಪಿಗೆ ಹೆಸರು ಸೇರಿಸಿದರಾಯಿತು, ಬಿಟ್ಟುಹೋದರೆ ತೆಗೆದರಾಯಿತು. (ಸೇರಿಸಲು ಎಲ್ಲರಿಗೂ ನೆನಪಿರುತ್ತದೆ, ತೆಗೆಯಲು ಯಾರಿಗೂ ಇರುವುದಿಲ್ಲ!) ಆದರೆ ಹತ್ತು ಜನರಿಗೆ ಹತ್ತು ಗುಂಪು ಮಾಡುವುದು ವ್ಯರ್ಥ. ಸಣ್ಣ ಆಫೀಸಿಗೆ ಮೂರು ನಾಲ್ಕು ಸಾಕು. ಹೊಸ ಪಾರ್ಟಿಯ ಖಾತೆ ತೆರೆಯುವವರು, ಅದಕ್ಕೆ ಹಣ ಪಾವತಿಸುವವರು ಬೇರೆ ಬೇರೆ ಆಗಿದ್ದರೆ ಸರಿ.

"ಅಷ್ಟೂ ನಂಬಿಕೆ ಇಲ್ಲವೇ?" ಎಂದು ಮುನಿಸಿಕೊಳ್ಳುವವರಿದ್ದಾರೆ. ಈ ಮುನಿಸು ಅರ್ಥವಿಲ್ಲದ್ದು. 2023ರ ಏಪ್ರಿಲ್ 1ರಿಂದ ನೋಂದಾಯಿತ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಲೇಬೇಕು, ಆ ದಾಖಲೆಯನ್ನು ನಿಲ್ಲಿಸುವಂತಿಲ್ಲ. ತಿದ್ದಿದ ಲಾಗಿನ್ ಯಾವುದೋ ಅದರ ಹೆಸರೇ ಅಲ್ಲಿ ಉಳಿಯುತ್ತದೆ. ಐದು ಜನ ಒಂದೇ ಲಾಗಿನ್ನಿನಲ್ಲಿ ಕೆಲಸ ಮಾಡಿದ ಕಡೆ ನಾಳೆ ಹಣದ ಲೆಕ್ಕ ತಪ್ಪಿದರೆ, ದಿನವಿಡೀ ಆ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ಅಥವಾ ಹುಡುಗಿಯ ಕಡೆಗೇ ಎಲ್ಲರ ಬೆರಳು ತಿರುಗುತ್ತದೆ. ಆದ್ದರಿಂದ ಯುವ ಮಿತ್ರರೇ, ಕೆಲಸಕ್ಕೆ ಸೇರಿದ ದಿನವೇ "ನನ್ನ ಹೆಸರಿನದೇ ಲಾಗಿನ್ ಮಾಡಿಕೊಡಿ" ಎಂದು ಸೇಠರನ್ನು ಸಂಕೋಚವಿಲ್ಲದೆ ಕೇಳಿ. ಕೆಲಸ ಬಿಡುವ ದಿನ ಅದನ್ನು ರದ್ದು ಮಾಡಿಸಿಯೇ ಹೊರಡಿ.