ಪಿಸಿ ಎಂಜಿನ್: ಪುಟ್ಟ ಯಂತ್ರಕ್ಕೆ ಮೂರು ಕಾರ್ಡುಗಳು ಕೊಟ್ಟ ಆಯುಷ್ಯ

ಹಳೆಯ ವಿಡಿಯೊ ಗೇಮ್ ಯಂತ್ರಗಳನ್ನು ಸಂಗ್ರಹಿಸಿ, ದುರಸ್ತಿ ಮಾಡಿ, ಆಡಿ, ಅವುಗಳ ಗುಣದೋಷಗಳನ್ನು ಚರ್ಚಿಸುವ ಆಸಕ್ತರಲ್ಲಿ ಆಡ್-ಆನ್‌ಗಳ ಬಗ್ಗೆ ಒಳ್ಳೆಯ ಮಾತು ಅಪರೂಪ. ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ ಕನ್ಸೋಲ್ ಎಂದೂ, ಆ ಯಂತ್ರದ ಸಾಮರ್ಥ್ಯವನ್ನು ಹೆಚ್ಚಿಸಲೆಂದು ಆಮೇಲೆ ಪ್ರತ್ಯೇಕವಾಗಿ ಕೊಂಡು ತಗುಲಿಸುವ ಉಪಕರಣಕ್ಕೆ ಆಡ್-ಆನ್ ಎಂದೂ ಹೆಸರು. ಕನ್ಸೋಲ್ ಇರುವವರಲ್ಲಿ ಒಂದು ಪಾಲು ಜನ ಮಾತ್ರ ಆಡ್-ಆನ್ ಕೊಳ್ಳುವುದರಿಂದ ಅದಕ್ಕಾಗಿ ಆಟ ತಯಾರಿಸಲು ಕಂಪನಿಗಳು ಹಿಂಜರಿಯುತ್ತವೆ; ಆಟಗಳು ಬಾರದಿದ್ದಾಗ ಉಳಿದವರೂ ಕೊಳ್ಳುವುದಿಲ್ಲ. ಸೆಗಾ ಕಂಪನಿಯು 1994ರಲ್ಲಿ ಮೆಗಾ ಡ್ರೈವ್ ಯಂತ್ರಕ್ಕೆಂದು ತಂದ 32ಎಕ್ಸ್ ಸುಮಾರು 40 ಆಟಗಳಿಗೇ ಮುಗಿದುಹೋಯಿತು. ನಿಂಟೆಂಡೊ 1999ರ ಕೊನೆಯಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ 64ಡಿಡಿಗೆ ಹತ್ತರ ಆಸುಪಾಸಿನಲ್ಲಷ್ಟೇ ಡಿಸ್ಕುಗಳು ಬಂದವು. 1986ರ ಫ್ಯಾಮಿಕಾಮ್ ಡಿಸ್ಕ್ ಸಿಸ್ಟಂ ಇವೆರಡಕ್ಕಿಂತ ಭಾಗ್ಯಶಾಲಿಯಾಗಿದ್ದು, 'ಝೆಲ್ಡಾ', 'ಮೆಟ್ರಾಯ್ಡ್'ಗಳಂಥ ಆಟಗಳಿಗೆ ಜನ್ಮಕೊಟ್ಟರೂ, ಕೆಲವೇ ವರ್ಷಗಳಲ್ಲಿ ಕಾರ್ಟ್ರಿಜ್‌ಗಳ ಸಾಮರ್ಥ್ಯವೇ ಡಿಸ್ಕನ್ನು ಮೀರಿಸಿದ್ದರಿಂದ ಹಿಂದೆ ಸರಿಯಿತು. ಈ ಸಾಲಿನಲ್ಲಿ ಆಡ್-ಆನ್ ಒಂದು ಮೂಲಯಂತ್ರದ ನೆರಳಾಗಿ ಉಳಿಯದೆ ಅದರ ಮುಖ್ಯ ದಾರಿಯೇ ಆದ ನಿದರ್ಶನ ಬೇಕೆಂದರೆ ಜಪಾನಿನ ಪಿಸಿ ಎಂಜಿನ್ ಕಡೆಗೆ ತಿರುಗಬೇಕು.

ಪಿಸಿ ಎಂಜಿನ್ ಇಬ್ಬರ ಕೂಡುಕೆಲಸದ ಫಲ. ಸಪ್ಪೊರೊ ನಗರದಲ್ಲಿ 1973ರಲ್ಲಿ ಆರಂಭವಾದ ಹಡ್ಸನ್ ಸಾಫ್ಟ್, ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ ಆಟಗಳನ್ನು ಬರೆದು ಹೆಸರಾಗಿದ್ದ ಸಂಸ್ಥೆ. ಎನ್‌ಇಸಿ, ಕಂಪ್ಯೂಟರ್ ಮತ್ತು ಸೆಮಿಕಂಡಕ್ಟರ್‌ಗಳ ದೊಡ್ಡ ತಯಾರಕ. ಹಡ್ಸನ್ ರೂಪಿಸಿದ ಚಿಪ್‌ಗಳನ್ನು ಬಳಸಿ ಇಬ್ಬರೂ ಸೇರಿ ಕಟ್ಟಿದ ಯಂತ್ರವು 1987ರ ಅಕ್ಟೋಬರ್ 30ರಂದು 24,800 ಯೆನ್ ಬೆಲೆಗೆ ಮಾರುಕಟ್ಟೆಗೆ ಬಂತು. ಕರ್ನಾಟಕದ ಪೇಟೆಗಳಲ್ಲಿ ತೊಂಬತ್ತರ ದಶಕದಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ಫ್ಯಾಮಿಕಾಮ್‌ನ ನಕಲು ಯಂತ್ರಗಳು. ಆದರೂ ಹಡ್ಸನ್ ಇಲ್ಲಿಯವರಿಗೆ ತೀರಾ ಅಪರಿಚಿತವಲ್ಲ. ಒಂದೇ 'ಕ್ಯಾಸೆಟ್'ನಲ್ಲಿ ಹತ್ತಾರು ಆಟಗಳನ್ನು ತುಂಬಿಕೊಡುತ್ತಿದ್ದ ಆ ಕಾಲದಲ್ಲಿ ಮಕ್ಕಳು ಆಡಿದ 'ಬಾಂಬರ್‌ಮ್ಯಾನ್', 'ಲೋಡ್ ರನ್ನರ್', 'ನಟ್ಸ್ ಅಂಡ್ ಮಿಲ್ಕ್', ಟೋಪಿಯವನು ಕಲ್ಲಿನ ಕೊಡಲಿ ಎಸೆಯುತ್ತ ಓಡುವ 'ಅಡ್ವೆಂಚರ್ ಐಲ್ಯಾಂಡ್', ಇವೆಲ್ಲವೂ ಫ್ಯಾಮಿಕಾಮ್‌ಗೆ ಹಡ್ಸನ್ ಹೊರತಂದ ಆಟಗಳೇ.

ಪಿಸಿ ಎಂಜಿನ್‌ನ ಗಾತ್ರ ಈಗಲೂ ಬೆರಗು ಹುಟ್ಟಿಸುತ್ತದೆ. ಅದರ ಒಂದೊಂದು ಬದಿಯೂ ಸುಮಾರು 14 ಸೆಂಟಿಮೀಟರ್, ದಪ್ಪ ನಾಲ್ಕು ಸೆಂಟಿಮೀಟರ್‌ಗೂ ಕಡಿಮೆ. ಆಟಗಳು ಬರುತ್ತಿದ್ದದ್ದು ಹ್ಯೂಕಾರ್ಡ್ ಎಂಬ, ಎಟಿಎಂ ಕಾರ್ಡಿನಷ್ಟೇ ಅಗಲದ ತೆಳು ಕಾರ್ಡಿನಲ್ಲಿ. ಒಳಗಿನ ಮುಖ್ಯ ಪ್ರೊಸೆಸರ್ 8 ಬಿಟ್‌ನದು, ಅಂದರೆ ಫ್ಯಾಮಿಕಾಮ್‌ನ ಪೀಳಿಗೆಗೇ ಸೇರಿದ್ದು. ಆದರೆ ಅದು 7.16 ಮೆಗಾಹರ್ಟ್ಸ್ ವೇಗದಲ್ಲಿ, ಫ್ಯಾಮಿಕಾಮ್‌ನ ನಾಲ್ಕು ಪಟ್ಟು ಚುರುಕಾಗಿ ಓಡುತ್ತಿತ್ತು. ಚಿತ್ರ ಬಿಡಿಸುವ ಚಿಪ್ ಮಾತ್ರ 16 ಬಿಟ್‌ನದಾಗಿದ್ದು, 512 ಬಣ್ಣಗಳ ಪೈಕಿ 482ರವರೆಗೆ ಏಕಕಾಲದಲ್ಲಿ ಪರದೆಗೆ ತರಬಲ್ಲುದಾಗಿತ್ತು. ಮರುವರ್ಷ ಬಂದ ಮೆಗಾ ಡ್ರೈವ್ ಪೂರ್ಣ ಪ್ರಮಾಣದ 16 ಬಿಟ್ ಯಂತ್ರವಾಗಿದ್ದರೂ ಸಾಮಾನ್ಯವಾಗಿ ಅರವತ್ತರ ಆಸುಪಾಸಿನ ಬಣ್ಣಗಳಿಗೇ ಸೀಮಿತವಾಗಿತ್ತೆಂಬುದನ್ನು ನೆನೆದರೆ ಪಿಸಿ ಎಂಜಿನ್ ಆಟಗಳ ತುಂಬುಬಣ್ಣಕ್ಕೆ ಕಾರಣ ತಿಳಿಯುತ್ತದೆ. ಅದರ ದೌರ್ಬಲ್ಯವೂ ಅಷ್ಟೇ ಸ್ಪಷ್ಟ: ಹಿನ್ನೆಲೆಗೆ ಇದ್ದದ್ದು ಒಂದೇ ಪದರ. ದೂರದ ಬೆಟ್ಟ ನಿಧಾನವಾಗಿ, ಹತ್ತಿರದ ಮರ ವೇಗವಾಗಿ ಸರಿಯುವ ನೋಟವನ್ನು ಬೇರೆ ಯಂತ್ರಗಳು ಎರಡು ಪದರಗಳಿಂದ ಸಲೀಸಾಗಿ ಸಾಧಿಸುತ್ತಿದ್ದರೆ, ಇಲ್ಲಿ ಪ್ರೋಗ್ರಾಂ ಬರೆಯುವವರು ಅದನ್ನು ಜಾಣ್ಮೆಯಿಂದ ಸೃಷ್ಟಿಸಬೇಕಾಗುತ್ತಿತ್ತು.

ಆದರೆ ನಿಜವಾದ ಕೊರತೆ ಜಾಗದ್ದು. ಆರಂಭದ ಹ್ಯೂಕಾರ್ಡುಗಳಲ್ಲಿ ಹಿಡಿಯುತ್ತಿದ್ದದ್ದು 2 ಮೆಗಾಬಿಟ್, ಎಂದರೆ 256 ಕಿಲೋಬೈಟ್. ಆರ್ಕೇಡ್‌ಗಳಲ್ಲಿ, ಅಂದರೆ ನಾಣ್ಯ ಹಾಕಿ ಆಡುವ ಆಟದ ಅಂಗಡಿಗಳಲ್ಲಿ, ಪ್ರಸಿದ್ಧವಾಗಿದ್ದ 'ಆರ್-ಟೈಪ್' ಎಂಬ ಬಾಹ್ಯಾಕಾಶ ಯುದ್ಧದ ಆಟವನ್ನು 1988ರಲ್ಲಿ ಈ ಯಂತ್ರಕ್ಕೆ ತಂದಾಗ ಅದು ಒಂದು ಕಾರ್ಡಿನಲ್ಲಿ ಹಿಡಿಯಲಿಲ್ಲ. ಮೊದಲರ್ಧವನ್ನು ಒಂದು ಕಾರ್ಡಿನಲ್ಲೂ ಉಳಿದರ್ಧವನ್ನು ಕೆಲವು ತಿಂಗಳ ನಂತರ ಇನ್ನೊಂದು ಕಾರ್ಡಿನಲ್ಲೂ ಮಾರಲಾಯಿತು. ಯಂತ್ರದ ಹಿಂಬದಿಯಲ್ಲಿ ಮೊದಲ ದಿನದಿಂದಲೇ ಇಟ್ಟಿದ್ದ ದೊಡ್ಡ ಕನೆಕ್ಟರ್ ಇಂಥ ಸಂದರ್ಭಕ್ಕೆ ಸಿದ್ಧವಾಗಿತ್ತು. ಮೂಲಯಂತ್ರವನ್ನು ತಿರುಳಾಗಿಟ್ಟುಕೊಂಡು ಅದರ ಸುತ್ತ ಉಪಕರಣಗಳನ್ನು ಬೆಳೆಸುತ್ತ ಹೋಗಬೇಕೆಂಬುದು ತಯಾರಕರ ಆರಂಭಿಕ ಯೋಜನೆಯೇ ಆಗಿದ್ದು, ವಿಸ್ತರಣೆ ಎಂಬುದು ಸೋಲು ಕಂಡಾಗ ಹೊಳೆದ ಉಪಾಯವಾಗಿರಲಿಲ್ಲ. ಬೇರೆ ಆಡ್-ಆನ್‌ಗಳ ಚರಿತ್ರೆಯಿಂದ ಇದರ ಚರಿತ್ರೆ ಬೇರೆಯಾಗುವುದು ಇಲ್ಲಿಂದಲೇ.

1988ರ ಡಿಸೆಂಬರ್ 4ರಂದು ಬಂದ ಸಿಡಿ-ರಾಮ್ ಸ್ಕ್ವೇರ್ ಎಂಬ ಆಡ್-ಆನ್, ಗೇಮ್ ಕನ್ಸೋಲ್ ಒಂದಕ್ಕೆ ಕಾಂಪ್ಯಾಕ್ಟ್ ಡಿಸ್ಕನ್ನು ಜೋಡಿಸಿದ ಜಗತ್ತಿನ ಮೊದಲ ಪ್ರಯತ್ನ. ಕನ್ಸೋಲಿನ ಎರಡು ಪಟ್ಟಿಗಿಂತಲೂ ಹೆಚ್ಚು ಬೆಲೆಯ ಈ ಸಾಧನದಲ್ಲಿ ಕನ್ಸೋಲನ್ನೂ ಸಿಡಿ ಡ್ರೈವನ್ನೂ ಅಕ್ಕಪಕ್ಕ ಕೂರಿಸುವ, ಮುಚ್ಚಳವಿರುವ ಒಂದು ತಟ್ಟೆಯಿತ್ತು. ಡಿಸ್ಕಿನ ಸಾಮರ್ಥ್ಯ ಸುಮಾರು 540 ಮೆಗಾಬೈಟ್, ಅಂದರೆ ಆರಂಭದ ಹ್ಯೂಕಾರ್ಡಿನ ಎರಡು ಸಾವಿರ ಪಟ್ಟಿಗೂ ಮಿಗಿಲು. ಗಮನಿಸಬೇಕಾದದ್ದೆಂದರೆ, ಮೂರು ವರ್ಷಗಳ ನಂತರ ಸೆಗಾ ತಂದ ಮೆಗಾ ಸಿಡಿಯಲ್ಲಿ ಇನ್ನೊಂದು ಪ್ರೊಸೆಸರೂ ಚಿತ್ರಗಳನ್ನು ತಿರುಗಿಸಿ ಹಿಗ್ಗಿಸುವ ಪ್ರತ್ಯೇಕ ಚಿಪ್ಪೂ ಇದ್ದವು. ಎನ್‌ಇಸಿಯ ಆಡ್-ಆನ್‌ನಲ್ಲಿ ಅಂಥದ್ದೇನೂ ಇರಲಿಲ್ಲ. ಅದು ಕೊಟ್ಟದ್ದು ಸ್ಥಳ, ಧ್ವನಿ ಮತ್ತು ಒಂದಿಷ್ಟು ಮೆಮೊರಿ ಮಾತ್ರ. ಇದು ಕೊರತೆಯಂತೆ ಕಂಡರೂ ಅದೇ ಅದರ ಬಲವಾಯಿತೆಂದು ಹೇಳಬೇಕು, ಏಕೆಂದರೆ ಹ್ಯೂಕಾರ್ಡಿಗೆ ಆಟ ಬರೆದು ಬಲ್ಲವರು ಹೊಸ ಯಂತ್ರವೊಂದನ್ನು ಕಲಿಯದೆಯೇ ಸಿಡಿಗೂ ಬರೆಯಬಹುದಾಗಿತ್ತು. ಜೊತೆಗೆ ಡಿಸ್ಕ್ ಅಚ್ಚು ಹಾಕಿಸುವ ಖರ್ಚು ಮೆಮೊರಿ ಚಿಪ್ ಇರುವ ಕಾರ್ಡ್ ಮಾಡಿಸುವ ಖರ್ಚಿಗಿಂತ ಬಹಳ ಕಡಿಮೆಯಿತ್ತು.

ಇಲ್ಲಿ ಕಾರ್ಡುಗಳ ಪಾತ್ರ ಆರಂಭವಾಗುತ್ತದೆ. ಸಿಡಿಯಿಂದ ಓದಿದ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಮೊದಲ ವ್ಯವಸ್ಥೆಯಲ್ಲಿದ್ದ ಮೆಮೊರಿ 64 ಕಿಲೋಬೈಟ್. ಹ್ಯೂಕಾರ್ಡಿನ ಜಾಗದಲ್ಲಿ ಸಿಸ್ಟಂ ಕಾರ್ಡ್ ಎಂಬುದನ್ನು ಹಾಕಿದರೆ ಯಂತ್ರಕ್ಕೆ ಸಿಡಿ ಓದುವ ಸೂಚನೆಗಳು ದೊರೆಯುತ್ತಿದ್ದವು. ಡಿಸ್ಕಿನಲ್ಲಿ ಎಷ್ಟೇ ಸಾಮಗ್ರಿ ಇರಲಿ, ಒಂದು ಸಲಕ್ಕೆ 64 ಕಿಲೋಬೈಟ್ ತುಂಬಿಕೊಂಡು, ಅದು ಮುಗಿದ ಮೇಲೆ ಆಟ ನಿಲ್ಲಿಸಿ ಮುಂದಿನದನ್ನು ಓದಬೇಕು. ಆದ್ದರಿಂದ ಸಿಡಿಯ ಮೊದಲ ಫಲ ಚಿತ್ರದಲ್ಲಿ ಕಾಣಲಿಲ್ಲ, ಕಿವಿಗೆ ಬಿತ್ತು. ಸಂಗೀತವನ್ನು ಡಿಸ್ಕಿನಿಂದ ನೇರವಾಗಿ ನುಡಿಸುವುದಕ್ಕೆ ಈ ಮೆಮೊರಿ ಬೇಕಿರಲಿಲ್ಲ. ಪಾತ್ರಗಳ ಮಾತಿಗೆ ಧ್ವನಿಚಿಪ್ಪಿನದೇ ಬೇರೆ ಮೆಮೊರಿ ಇತ್ತು. 1989ರ ಜೂನ್‌ನಲ್ಲಿ ಬಂದ 'ತೆಂಗೈ ಮಕ್ಯೊ: ಜಿರೈಯಾ', ಪಾಶ್ಚಾತ್ಯನೊಬ್ಬ ಕಲ್ಪಿಸಿಕೊಂಡ ಜಪಾನ್ ಹೇಗಿರಬಹುದೆಂಬ ಕೌತುಕದ ಮೇಲೆ ಕಟ್ಟಿದ ರೋಲ್-ಪ್ಲೇಯಿಂಗ್ ಆಟ, ಎಂದರೆ ಆಡುವವರು ಒಂದು ಪಾತ್ರವನ್ನು ವಹಿಸಿ ದೀರ್ಘ ಕಥೆಯನ್ನು ನಡೆಸಿಕೊಂಡು ಹೋಗುವ ಪ್ರಕಾರ, ಅದಕ್ಕೆ ರ್‍ಯುಇಚಿ ಸಕಮೊಟೊ ಸಂಗೀತ ನೀಡಿದ್ದರು. ಅದೇ ಡಿಸೆಂಬರ್‌ನ 'ಈಸ್ ಒಂದು ಮತ್ತು ಎರಡು', ನಿಹೊನ್ ಫಾಲ್ಕಂ ಕಂಪನಿಯು ಮನೆಗಣಕಗಳಿಗಾಗಿ ಬರೆದಿದ್ದ ಎರಡು ಆಟಗಳನ್ನು ಹೊಲಿಗೆ ಕಾಣದಂತೆ ಒಂದೇ ಕಥೆಯಾಗಿ ಬೆಸೆಯಿತು. ಚಿಪ್‌ನ ಕೀರಲು ಸ್ವರಗಳನ್ನು ಕೇಳಿ ಒಗ್ಗಿದ್ದ ಕಿವಿಗೆ ಅದರ ಗಿಟಾರು, ಡ್ರಮ್ಮುಗಳ ನಾದ ಏನೆನಿಸಿರಬೇಕೆಂಬುದನ್ನು ಇಂದು ಊಹಿಸುವುದೂ ಕಷ್ಟ. ಆ ಆಟದ ಹೋರಾಟದ ಕ್ರಮ ಈಗ ತೀರಾ ಸರಳವೆನಿಸಬಹುದು, ಶತ್ರುವಿಗೆ ಡಿಕ್ಕಿ ಹೊಡೆದರೆ ಸಾಕು. ಆದರೂ ಸಂಗೀತವೇ ಆಟಗಾರನನ್ನು ಮುಂದೆ ನಡೆಸುವ ಅಂಥ ಕೃತಿ ಆ ದಶಕದಲ್ಲಿ ಇನ್ನೊಂದಿಲ್ಲ.

1991ರ ಶರತ್ಕಾಲದಲ್ಲಿ ಬಂದ ಸೂಪರ್ ಸಿಸ್ಟಂ ಕಾರ್ಡ್ ಮೆಮೊರಿಯನ್ನು 256 ಕಿಲೋಬೈಟಿಗೆ ಏರಿಸಿತು. ಹಳೆಯ ಡ್ರೈವ್ ಇದ್ದವರು ಅದನ್ನು ಎಸೆಯಬೇಕಾಗಿರಲಿಲ್ಲ, ಕಾರ್ಡ್ ಬದಲಿಸಿದರೆ ಸಾಕಿತ್ತು. ಹೊಸಬರಿಗಾಗಿ ಕನ್ಸೋಲ್, ಡ್ರೈವ್, ಕಾರ್ಡು ಮೂರೂ ಒಂದೇ ಕವಚದಲ್ಲಿರುವ ಡ್ಯುಯೊ ಎಂಬ ಯಂತ್ರ ಬಂತು. ಆಡ್-ಆನ್ ಮೂಲಯಂತ್ರದಲ್ಲಿ ಕರಗಿ ಒಂದಾದ ಈ ಹಂತದಿಂದ ಮುಂದೆ ಮಹತ್ವದ ಆಟಗಳು ಬಹುಮಟ್ಟಿಗೆ ಸಿಡಿಯಲ್ಲೇ ಬಂದವು. 1992ರ 'ಗೇಟ್ ಆಫ್ ಥಂಡರ್' ರಾಕ್ ಸಂಗೀತದ ಅಬ್ಬರದೊಡನೆ ಬಾಹ್ಯಾಕಾಶ ಯುದ್ಧವನ್ನು ಎಡೆಬಿಡದೆ ಹರಿಸಿತು. ಕೊನಾಮಿಯ 'ತೊಕಿಮೆಕಿ ಮೆಮೋರಿಯಲ್' 1994ರಲ್ಲಿ ಪ್ರೌಢಶಾಲೆಯ ಮೂರು ವರ್ಷಗಳ ಓದು, ಸ್ನೇಹ, ಪ್ರೀತಿಗಳನ್ನೇ ಆಟವಾಗಿಸಿ ಒಂದು ಇಡೀ ಪ್ರಕಾರವನ್ನು ಜನಪ್ರಿಯಗೊಳಿಸಿತು.

ಆದರೆ ಈ ಯಂತ್ರದ ಶ್ರೇಷ್ಠ ಆಟ ಯಾವುದೆಂಬ ಮುಗಿಯದ ವಾದದಲ್ಲಿ ಹೆಚ್ಚು ಸಲ ಕೇಳಿಬರುವ ಹೆಸರು, 1993ರ ಅಕ್ಟೋಬರ್ 29ರಂದು ಕೊನಾಮಿ ಹೊರತಂದ 'ಅಕುಮಾಜೊ ಡ್ರಾಕುಲಾ ಎಕ್ಸ್: ಚಿ ನೊ ರೊಂಡೊ'; ಇಂಗ್ಲಿಷ್ ಬಲ್ಲವರು ಅದನ್ನು 'ರೊಂಡೊ ಆಫ್ ಬ್ಲಡ್' ಎನ್ನುತ್ತಾರೆ. ಆ ಮನ್ನಣೆ ಅದಕ್ಕೆ ಸಲ್ಲತಕ್ಕದ್ದೇ. ಚಾಟಿ ಹಿಡಿದ ರಿಕ್ಟರ್ ಬೆಲ್ಮಾಂಟ್ ಡ್ರಾಕುಲಾನ ಕೋಟೆಯತ್ತ ಸಾಗುವ ಈ ಆಟ ಜರ್ಮನ್ ಭಾಷೆಯ ನಿರೂಪಣೆಯಿಂದ ತೆರೆದುಕೊಳ್ಳುತ್ತದೆ. ಹಂತಗಳು ಒಂದೇ ಸಾಲಿನಲ್ಲಿಲ್ಲ. ಗೋಡೆಯೊಂದನ್ನು ಒಡೆದರೆ, ಹಳ್ಳವೊಂದಕ್ಕೆ ಬಿದ್ದರೆ ಬೇರೊಂದು ದಾರಿ, ಬೇರೊಂದು ಹಂತ ಕಾಣುತ್ತದೆ. ಸೆರೆಯಲ್ಲಿರುವ ಮರಿಯಾ ಎಂಬ ಹುಡುಗಿಯನ್ನು ಬಿಡಿಸಿದರೆ ಆಕೆಯಾಗಿಯೂ ಆಡಬಹುದು. 256 ಕಿಲೋಬೈಟ್ ಮೆಮೊರಿಯಲ್ಲಿ ಒಂದೊಂದು ಹಂತವನ್ನೂ ಹೊಸ ಶತ್ರುಗಳಿಂದ, ಹೊಸ ಚಲನೆಗಳಿಂದ ತುಂಬಿಸಿದ ಮಿತವ್ಯಯವೇ ಕಲೆಯಾಗಿ ಮಾರ್ಪಟ್ಟಿದೆ. ತಯಾರಕರ ಅಕ್ಕರೆಗೆ ಒಂದು ಸಣ್ಣ ಸಾಕ್ಷಿಯೂ ಇದೆ: ಹಳೆಯ ಸಿಸ್ಟಂ ಕಾರ್ಡ್ ಹಾಕಿ ಈ ಡಿಸ್ಕನ್ನು ನಡೆಸಿದರೆ ಬರಿಯ ದೋಷಸೂಚನೆ ತೋರಿಸಿ ನಿಲ್ಲುವ ಬದಲು, ಕುಳ್ಳ ಗೊಂಬೆಗಳಂಥ ಪಾತ್ರಗಳಿರುವ ಪುಟ್ಟ ಹಂತವೊಂದು ತೆರೆದುಕೊಂಡು, ಕಾರ್ಡ್ ತಪ್ಪಾಗಿದೆಯೆಂಬುದನ್ನು ಆಟದ ಮೂಲಕವೇ ತಿಳಿಸುತ್ತದೆ. 1995ರಲ್ಲಿ ಸೂಪರ್ ನಿಂಟೆಂಡೊಗೆ ಬಂದ ಅದರ ರೂಪಾಂತರದಲ್ಲಿ ಕವಲುದಾರಿಗಳಲ್ಲಿ ಬಹುಪಾಲು ಕತ್ತರಿಸಿಹೋಗಿದ್ದವು. 1997ರ ಪ್ರಸಿದ್ಧ 'ಸಿಂಫನಿ ಆಫ್ ದ ನೈಟ್' ಆರಂಭವಾಗುವುದು ರೊಂಡೊದ ಅಂತಿಮ ಯುದ್ಧದಿಂದಲೇ ಆದರೂ, ರೊಂಡೊ ಇಂಗ್ಲಿಷಿನಲ್ಲಿ ಅಧಿಕೃತವಾಗಿ ದೊರೆತದ್ದು 2007ರಲ್ಲಿ, ಪ್ಲೇಸ್ಟೇಷನ್ ಪೋರ್ಟಬಲ್ ಯಂತ್ರದ ಮೇಲೆ.

ಮೂರನೆಯದು 1994ರ ಆರ್ಕೇಡ್ ಕಾರ್ಡ್. ಒಮ್ಮೆಲೇ 2 ಮೆಗಾಬೈಟ್ ಮೆಮೊರಿಯನ್ನು ಕೂಡಿಸಿದ ಇದರ ಗುರಿ, ನಿಯೊ ಜಿಯೊದಂಥ ದುಬಾರಿ ಯಂತ್ರದ ಹೊಡೆದಾಟದ ಆಟಗಳನ್ನು ಮನೆಯ ಈ 8 ಬಿಟ್ ಪ್ರೊಸೆಸರಿನ ಮೇಲೆ ನಡೆಸುವುದು. 'ಗಾರೊ ಡೆನ್ಸೆತ್ಸು', 'ವರ್ಲ್ಡ್ ಹೀರೋಸ್' ಸರಣಿಯ ಆಟಗಳಲ್ಲಿ ಅದು ಅಚ್ಚರಿಯ ಮಟ್ಟಿಗೆ ಯಶಸ್ವಿಯಾಯಿತು. 1995ರ 'ಸಫೈರ್' ಎಂಬ ಶೂಟಿಂಗ್ ಆಟವು ಮೊದಲೇ ಬಿಡಿಸಿಟ್ಟ ನೂರಾರು ಚಿತ್ರಗಳನ್ನು ಈ ಮೆಮೊರಿಯಿಂದ ಸುರಿಸುತ್ತ ಮೂರು ಆಯಾಮಗಳ ಭ್ರಮೆ ಹುಟ್ಟಿಸಿತು. ಆದರೆ ಆ ಹೊತ್ತಿಗೆ ಪ್ಲೇಸ್ಟೇಷನ್ ಮತ್ತು ಸ್ಯಾಟರ್ನ್ ಬಂದಾಗಿತ್ತು. 'ಸಫೈರ್'ನ ಮೂಲ ಡಿಸ್ಕಿಗೆ ಸಂಗ್ರಾಹಕರು ತೆರುವ ಭಾರಿ ಬೆಲೆ ಅದರ ವಿರಳತೆಯ ಅಳತೆಯೇ ಹೊರತು ಆಟದ ಗುಣದ ಅಳತೆಯಲ್ಲ. ಅದು ಸೊಗಸಾದ, ಆದರೆ ಬೇಗ ಮುಗಿಯುವ ಆಟ.

ಎಲ್ಲ ವಿಸ್ತರಣೆಗಳೂ ಫಲಿಸಲಿಲ್ಲ. ಎರಡನೆಯ ಹಿನ್ನೆಲೆ ಪದರವಿದ್ದ ಸೂಪರ್‌ಗ್ರಾಫ್ಕ್ಸ್ ಯಂತ್ರ 1989ರಲ್ಲಿ ಬಂದರೂ ಅದಕ್ಕೇ ಮೀಸಲಾದ ಆಟಗಳು ಐದೇ. ಅಮೆರಿಕದಲ್ಲಿ ಅದೇ ವರ್ಷ ಟರ್ಬೊಗ್ರಾಫ್ಕ್ಸ್-16 ಎಂಬ ಹೆಸರಿನಲ್ಲಿ, ದೊಡ್ಡದಾಗಿ ಕಾಣಲೆಂದು ಕವಚವನ್ನು ಹಿಗ್ಗಿಸಿ ಮಾರಿದ ಪಿಸಿ ಎಂಜಿನ್ ಸೆಗಾದ ಎದುರು ನಿಲ್ಲಲಾರದೆ ಹೋಯಿತು. ಒಂದೇ ಆಟಗಾರನಿಗೆ ಸಾಕಾಗುವ ಜಾಯ್‌ಪ್ಯಾಡ್ ಕಿಂಡಿಯಿದ್ದದ್ದೂ ಉಳಿತಾಯದ ಫಲವೇ. ಆದರೆ ಆ ಕೊರತೆಯನ್ನು ತುಂಬಲು ಬಂದ ಮಲ್ಟಿಟ್ಯಾಪ್ ಐವರಿಗೆ ಒಟ್ಟಿಗೆ ಆಡಲು ಅವಕಾಶ ಕೊಟ್ಟಿತು, 1990ರ 'ಬಾಂಬರ್‌ಮ್ಯಾನ್' ಅದನ್ನು ಸಾರ್ಥಕಗೊಳಿಸಿತು.

ಈ ಯಂತ್ರಗಳನ್ನು ಇಂದು ಜೀವಂತವಾಗಿಡುವುದು ಒಂದು ಕುಶಲಕರ್ಮವೇ ಆಗಿದೆ. ಡ್ಯುಯೊದ ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟು ಸಮಗೊಳಿಸುವ ಪುಟ್ಟ ಬಿಡಿಭಾಗಗಳು, ಕಾಲಾಂತರದಲ್ಲಿ ದ್ರವ ಸೋರಿ ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತವೆ. ಸದ್ದು ಕುಗ್ಗುವುದು ಅದರ ಮೊದಲ ಲಕ್ಷಣ. ಮೊದಲ ಸಿಡಿ ಡ್ರೈವಿನೊಳಗಿನ ಪ್ಲಾಸ್ಟಿಕ್ ಗೇರ್ ಬಿರುಕು ಬಿಟ್ಟು ಪುಡಿಯಾಗುವುದರಿಂದ ಆಸಕ್ತರೇ ಹೊಸ ಗೇರ್‌ಗಳನ್ನು ಮಾಡಿಸಿ ಹಂಚಿಕೊಳ್ಳುತ್ತಾರೆ. ಲೇಸರ್ ಕೈಕೊಟ್ಟಲ್ಲಿ ಡ್ರೈವಿನ ಬದಲಿಗೆ ಮೆಮೊರಿ ಕಾರ್ಡಿನಿಂದ ಆಟ ಓದುವ ಉಪಕರಣವನ್ನು, ಕನ್ಸೋಲಿನ ಹಿಂಬದಿಯ ಅದೇ ಹಳೆಯ ಕನೆಕ್ಟರಿಗೆ, ತಗುಲಿಸುವವರಿದ್ದಾರೆ. ಜಪಾನಿ ಆಟಗಳ ಸಂಭಾಷಣೆಯನ್ನು ಇಂಗ್ಲಿಷಿಗೆ ಇಳಿಸುವ ಕೆಲಸವನ್ನೂ ವರ್ಷಗಟ್ಟಲೆ ಕೂಲಿಯಿಲ್ಲದೆ ಮಾಡಿದವರು ಇದೇ ಅಭಿಮಾನಿಗಳು.

2012ರಲ್ಲಿ ಹಡ್ಸನ್ ಕೊನಾಮಿಯಲ್ಲಿ ವಿಲೀನವಾಯಿತು. ಕೊನಾಮಿ 2020ರಲ್ಲಿ ತಂದ ಪಿಸಿ ಎಂಜಿನ್ ಮಿನಿ ಎಂಬ ಕಿರುಯಂತ್ರದಲ್ಲಿ ಹ್ಯೂಕಾರ್ಡಿನ ಆಟಗಳೂ ಮೂರು ಕಾಲದ ಸಿಡಿ ಆಟಗಳೂ ಸೇರಿವೆ: 'ಈಸ್', 'ರೊಂಡೊ', ಅಷ್ಟೇಕೆ, ಸಂಗ್ರಾಹಕರಿಗೂ ಎಟುಕದಂತಾಗಿದ್ದ 'ಸಫೈರ್' ಕೂಡ. ಹೊಸದಾಗಿ ತಿಳಿಯಬಯಸುವವರಿಗೆ 'ಈಸ್' ಒಳ್ಳೆಯ ಪ್ರವೇಶದ್ವಾರ, ಏಕೆಂದರೆ ಅದರ ಕಥೆ ಇಂಗ್ಲಿಷಿನಲ್ಲೂ ಲಭ್ಯವಿದೆ, ಸಂಗೀತಕ್ಕಂತೂ ಭಾಷೆಯ ಹಂಗಿಲ್ಲ.