ಒಂದೇ ಡಿಸ್ಕಿನಲ್ಲಿ ಎರಡು ವಿಂಡೋಸ್

ಕೊಡಗಿನ ಐನ್‌ಮನೆಗಳನ್ನು ಕಂಡವರಿಗೆ ಒಂದೇ ಸೂರಿನಡಿಯಲ್ಲಿ ಒಂದು ಒಕ್ಕದ ಹಲವು ಸಂಸಾರಗಳು ಬಾಳುತ್ತಿದ್ದ ಬಗೆ ತಿಳಿದೇ ಇದೆ. ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿಯೂ ಹಾಗೆಯೇ ಎರಡು ಮೂರು ಆಪರೇಟಿಂಗ್ ಸಿಸ್ಟಮ್ಮುಗಳು ಕೂಡಿ ಇರಬಲ್ಲವು. ಭೇದವಿಷ್ಟೆ: ಇಲ್ಲಿ ಒಂದು ಎಚ್ಚತ್ತಿರುವಾಗ ಉಳಿದವು ನಿದ್ರಿಸುತ್ತಿರಬೇಕು.

ಇಂತಹ ಏರ್ಪಾಡಿನ ಅಗತ್ಯವಾದರೂ ಏನು? ಮಡಿಕೇರಿಯ ಕಡೆಯ ಕಾಫಿ ಬೆಳೆಗಾರರೊಬ್ಬರ 20 ವರ್ಷಗಳ ಲೆಕ್ಕವು ಡಾಸ್ ಕಾಲದ ಪ್ರೋಗ್ರಾಮೊಂದರಲ್ಲಿ ಇದೆಯೆಂದು ಭಾವಿಸೋಣ. 32 ಬಿಟ್ಟಿನ ವಿಂಡೋಸ್ ಎಕ್ಸ್‌ಪಿ ಅದನ್ನು ನಡೆಸೀತು. 64 ಬಿಟ್ಟಿನ ಹೊಸ ವಿಂಡೋಸ್ ತಾನಾಗಿ ನಡೆಸಲಾರದು. ಹಳೆಯದನ್ನು ಅಳಿಸಿದರೆ ಲೆಕ್ಕಕ್ಕೆ ಬೀಗ ಬಿದ್ದಂತೆ. ಅದೊಂದನ್ನೇ ನೆಚ್ಚೋಣವೆಂದರೆ, 2014ರ ಏಪ್ರಿಲ್ 8ಕ್ಕೆ ಅದರ ರಕ್ಷಣೆಯ ತಿದ್ದುಪಡಿಗಳು ನಿಂತುಹೋದವು. ಆದುದರಿಂದ ಎರಡನ್ನೂ ಇರಿಸಿಕೊಂಡು, ಹಳೆಯದಕ್ಕೆ ಅಂತರಜಾಲದ ಸಂಪರ್ಕ ಕೊಡದಿರುವುದು ಯುಕ್ತ. (ಹಳೆಯ 'ನುಡಿ'ಯಲ್ಲಿ ಬರೆದ ಪತ್ರಗಳಿಗಾಗಿ ಇಷ್ಟು ಶ್ರಮ ಬೇಡ, ಅದರ ಅಕ್ಷರಶೈಲಿಯನ್ನು ಹೊಸದಕ್ಕೆ ಹಾಕಿಕೊಂಡರೆ ಸಾಕು.)

ಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಯಾವುದು ಏಳಬೇಕೆಂದು ನಿರ್ಣಯಿಸುವವರು ಯಾರು? ಹಳೆಯ ಬಗೆಯ ಯಂತ್ರಗಳಲ್ಲಿ ಆ ಕಾರ್ಯ ತೊಡಗುವುದು ಡಿಸ್ಕಿನ ಮೊಟ್ಟಮೊದಲ ತುಣುಕಿನಿಂದ. ಅದರ ಅಳತೆ 512 ಬೈಟುಗಳು ಮಾತ್ರ. ಅದರಲ್ಲಿ 446 ಬೈಟುಗಳಷ್ಟು ಜಾಗ ಒಂದು ಕಿರು ಪ್ರೋಗ್ರಾಮಿಗೆ. 64 ಬೈಟುಗಳು ಡಿಸ್ಕಿನ ನಾಲ್ಕು ಭಾಗಗಳು ಎಲ್ಲೆಲ್ಲಿ ಇವೆಯೆಂಬ ಪಟ್ಟಿಗೆ. ಕಡೆಯ 2 ಬೈಟುಗಳು ಮುದ್ರೆಗೆ. ಕಿರು ಪ್ರೋಗ್ರಾಮು ಪಟ್ಟಿಯಲ್ಲಿ ಗುರುತು ಹಾಕಿದ ಭಾಗಕ್ಕೆ ಅಧಿಕಾರವನ್ನೊಪ್ಪಿಸುತ್ತದೆ. ಅಲ್ಲಿರುವ ಮತ್ತೊಂದು ಪ್ರೋಗ್ರಾಮು ಪರದೆಯ ಮೇಲೆ ಹೆಸರುಗಳನ್ನು ತೋರಿಸಿ ನಮ್ಮ ಆಯ್ಕೆಯನ್ನು ಕೇಳುತ್ತದೆ. ತನ್ನ ಬಳಿಕ ಹುಟ್ಟಿದ ಆವೃತ್ತಿಗಳ ಪರಿಚಯ ಎಕ್ಸ್‌ಪಿಗೆ ಇಲ್ಲ. ಅದನ್ನು ಕಡೆಯಲ್ಲಿ ಸ್ಥಾಪಿಸಿದರೆ ಹೆಬ್ಬಾಗಿಲನ್ನು ತಾನೇ ಹಿಡಿದುಕೊಂಡು ಹೊಸದನ್ನು ಹೊರಗಿಡುತ್ತದೆ. ಆದಕಾರಣ ಮೊದಲು ಹಳೆಯದು, ಅನಂತರ ಹೊಸದು. ಈಚಿನ ಯುಇಎಫ್‌ಐ ಯಂತ್ರಗಳಲ್ಲಿ ಈ ತೊಡಕು ಕಡಮೆ. ಆದರೆ ಎಕ್ಸ್‌ಪಿ ಅಲ್ಲಿ ಸಾಮಾನ್ಯವಾಗಿ ಏಳದು.

ಇನ್ನೂ ದೊಡ್ಡ ಅಪಾಯ ಬೇರೊಂದಿದೆ. ಕಕ್ಕಡದ ಮಳೆಗೆ ಮರವುರುಳಿ ತಂತಿ ಹರಿದಾಗ, ಯುಪಿಎಸ್ಸಿನ ಬ್ಯಾಟರಿ ತೀರುವ ಮುನ್ನ ನಾವು ಎಕ್ಸ್‌ಪಿಯನ್ನು 'ಹೈಬರ್ನೇಟ್' ಮಾಡುತ್ತೇವೆ. ಎಂದರೆ, ಸ್ಮೃತಿಯಲ್ಲಿದ್ದುದೆಲ್ಲವೂ ಡಿಸ್ಕಿಗೆ ಇಳಿಯುತ್ತದೆ. ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆಯೆಂಬ ಚಿತ್ರವೂ ಅದರಲ್ಲಿ ಸೇರಿರುತ್ತದೆ. ವಿದ್ಯುತ್ತು ಮರಳಿದಾಗ ಮರೆತು ಹೊಸ ವಿಂಡೋಸನ್ನು ಎಬ್ಬಿಸಿ ಅದೇ ಭಾಗದಲ್ಲಿ ಏನನ್ನಾದರೂ ಬರೆದೆವೆನ್ನಿ. ಮಾರನೆಯ ದಿನ ಎದ್ದ ಎಕ್ಸ್‌ಪಿಯು ತನ್ನ ಹಳೆಯ ಚಿತ್ರವನ್ನೇ ನಂಬಿ ಕೆಲಸಕ್ಕೆ ತೊಡಗಿ, ಹೊಸ ಬರಹದ ಮೇಲೆ ತನ್ನದನ್ನು ಬರೆದುಬಿಡಬಹುದು. ಬೆಳೆಗಾರರ ಲೆಕ್ಕ ಕೆಡುವುದು ಹೀಗೆ. 2012ರ ವಿಂಡೋಸ್ 8ರಿಂದೀಚೆಗೆ 'ಷಟ್ ಡೌನ್' ಎಂದರೂ ಯಂತ್ರವು ಅರ್ಧ ಹೈಬರ್ನೇಟ್ ಆಗಿಯೇ ಮಲಗುವುದುಂಟು. 'ಫಾಸ್ಟ್ ಸ್ಟಾರ್ಟಪ್' ಎಂಬ ಈ ಸೌಕರ್ಯವನ್ನು ಎರಡು ವ್ಯವಸ್ಥೆಗಳನ್ನು ಇರಿಸಿಕೊಂಡವರು ನಿಲ್ಲಿಸಿಬಿಡುವುದು ಲೇಸು. ಯಂತ್ರ ಏಳಲು ಕೆಲವು ಕ್ಷಣ ತಡವಾದೀತು, ಅಷ್ಟೆ.