ಪಿಕಪ್ ಬೇಕಾ, ಮೈಲೇಜ್ ಬೇಕಾ? ಹಿಂದಿನ ಸ್ಪ್ರಾಕೆಟ್‌ನ ಎರಡು ಹಲ್ಲಿನ ಲೆಕ್ಕ

ನಮ್ಮ ಕಾಲೇಜಿನ ಹುಡುಗರ ಮಾತಿನಲ್ಲಿ ಕ್ರಿಕೆಟ್ ಬಿಟ್ಟರೆ ಹೆಚ್ಚು ಬರುವುದು ಬೈಕ್. ಅದರಲ್ಲೂ ಒಂದು ಮಾತು ಪದೇ ಪದೇ ಕೇಳುತ್ತೇನೆ: "ಹಿಂದಿನ ಸ್ಪ್ರಾಕೆಟ್ ದೊಡ್ಡದು ಹಾಕಿಸಿದರೆ ಪಿಕಪ್ ಡಬಲ್ ಆಗುತ್ತೆ." ಸ್ಪೋರ್ಟ್ಸ್ ಕಾರು ಇರುವವರು ಇದೇ ಕೆಲಸವನ್ನು ಕ್ರೌನ್-ಪಿನಿಯನ್ ಬದಲಿಸಿ ಮಾಡಿಸುತ್ತಾರೆ. ಡಬಲ್ ಆಗುತ್ತದೆ ಎನ್ನುವುದು ಸುಳ್ಳು. ಏನೂ ಆಗುವುದಿಲ್ಲ ಎನ್ನುವುದೂ ಸುಳ್ಳು. ನನಗೆ ವಯಸ್ಸು 17, ಗೇರ್ ಬೈಕಿನ ಲೈಸೆನ್ಸ್ ಸಿಗುವುದು 18ಕ್ಕೆ. ಓಡಿಸಲು ಆಗದಿದ್ದರೂ ಲೆಕ್ಕ ಹಾಕಲು ಲೈಸೆನ್ಸ್ ಬೇಡವಲ್ಲ!

ಈ ಲೆಕ್ಕ ನಮ್ಮ ಮನೆಗೇ ಬೇಕಾಗಿತ್ತು. ಅಬ್ಬಾ 100 ಸಿಸಿ ಬೈಕಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಆನವಟ್ಟಿಯ ಸುತ್ತಲಿನ ಹಳ್ಳಿಗಳಿಗೆ ವ್ಯಾಪಾರಕ್ಕೆ ಹೋಗುತ್ತಾರೆ. ಸೊರಬ ದಾಟಿ ಚಂದ್ರಗುತ್ತಿ ಕಡೆ ಹೋದ ದಿನ ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಕ್ಲಚ್ ಪ್ಲೇಟ್ ಬೇಗ ಬೇಗ ಸವೆಯುತ್ತಿತ್ತು. ಗ್ಯಾರೇಜಿನವರು, "ಭಾಯ್, ಹಿಂದಿನ ಸ್ಪ್ರಾಕೆಟ್ ಎರಡು ಹಲ್ಲು ದೊಡ್ಡದು ಹಾಕಣ, ಎಳೀತದೆ" ಎಂದರು. ಅಬ್ಬಾ ಮನೆಗೆ ಬಂದು ನನಗೆ ಹೇಳಿದರು: "ಎಳೀತದೆ ಅಂತಾರೆ, ಪೆಟ್ರೋಲ್ ಎಷ್ಟು ಕುಡೀತದೆ ಅಂತ ಹೇಳಲ್ಲ. ನೀನು ಅಕೌಂಟೆನ್ಸಿ ಓದ್ತೀಯಲ್ಲ ಬೇಟಾ, ಲೆಕ್ಕ ಹಾಕು."

ಮೊದಲು ಈ ಹಲ್ಲುಗಳ ಕೆಲಸ ಏನು ಎಂದು ನೋಡೋಣ. ಎಂಜಿನ್ ವೇಗವಾಗಿ ತಿರುಗುತ್ತದೆ, ಚಕ್ರ ನಿಧಾನವಾಗಿ ತಿರುಗಬೇಕು. ನಡುವೆ ಗೇರ್ ಬಾಕ್ಸ್ ಇದೆ. ಗೇರ್ ಬಾಕ್ಸ್ ಆದ ಮೇಲೆ ಚಕ್ರಕ್ಕೆ ಮುಟ್ಟುವ ಮುಂಚೆ ಇನ್ನೊಂದು ಜೋಡಿ ಹಲ್ಲುಗಳಿವೆ. ಇದನ್ನು ಫೈನಲ್ ಡ್ರೈವ್ ಎನ್ನುತ್ತಾರೆ. ಬೈಕಿನಲ್ಲಿ ಇದು ಮುಂದಿನ ಚಿಕ್ಕ ಸ್ಪ್ರಾಕೆಟ್, ಹಿಂದಿನ ದೊಡ್ಡ ಸ್ಪ್ರಾಕೆಟ್ ಮತ್ತು ಚೈನ್. ಕಾರು, ಲಾರಿಗಳಲ್ಲಿ ಇದು ಪಿನಿಯನ್ ಮತ್ತು ಕ್ರೌನ್. ಗೇರ್ ಬಾಕ್ಸಿನಲ್ಲಿ ಒಂದು ಗೇರ್ ಬದಲಿಸಿದರೆ ಆ ಗೇರ್ ಮಾತ್ರ ಬದಲಾಗುತ್ತದೆ. ಫೈನಲ್ ಡ್ರೈವ್ ಬದಲಿಸಿದರೆ ಮೊದಲನೆಯದರಿಂದ ಕೊನೆಯದರವರೆಗೆ ಎಲ್ಲ ಗೇರುಗಳೂ ಒಂದೇ ಪ್ರಮಾಣದಲ್ಲಿ ಬದಲಾಗುತ್ತವೆ.

ಒಂದು ಉದಾಹರಣೆ. ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಇದೆ ಎಂದುಕೊಳ್ಳಿ. 42 ಭಾಗಿಸು 14, ಅಂದರೆ 3. ಮುಂದಿನದು ಮೂರು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಹಿಂದೆ 44 ಹಾಕಿದರೆ ಅನುಪಾತ 3.14 ಆಗುತ್ತದೆ. ಹೆಚ್ಚಳ ಶೇಕಡ 4.8. ಹಿಂದಿನದನ್ನು ಹಾಗೆಯೇ ಬಿಟ್ಟು ಮುಂದೆ 13 ಹಾಕಿದರೆ 3.23, ಹೆಚ್ಚಳ ಶೇಕಡ 7.7. ಅಂದರೆ ಮುಂದೆ ಒಂದು ಹಲ್ಲು ಕಳೆಯುವುದು ಹಿಂದೆ ಮೂರು ಹಲ್ಲು ಕೂಡಿಸುವುದಕ್ಕೆ ಹೆಚ್ಚುಕಡಿಮೆ ಸಮ. ಸ್ವಲ್ಪವೇ ಬದಲಾವಣೆ ಬೇಕಿದ್ದವರು ಹಿಂದಿನದನ್ನು ಮುಟ್ಟಬೇಕು.

ಇಲ್ಲಿ ಒಂದು ಗೊಂದಲ ಬರುತ್ತದೆ. ಸಂಖ್ಯೆ ದೊಡ್ಡದಾಗಿದೆ, ಆದರೆ ಇದಕ್ಕೆ ಶಾರ್ಟ್ ಗೇರಿಂಗ್ ಎನ್ನುತ್ತಾರೆ. ಯಾಕೆ? ಎಂಜಿನ್ ಒಂದು ಸುತ್ತು ತಿರುಗಿದಾಗ ಗಾಡಿ ಮುಂದೆ ಹೋಗುವ ದೂರ ಗಿಡ್ಡವಾಗುತ್ತದೆ, ಅದಕ್ಕೆ. ಭತ್ತದ ಮೂಟೆ ಹೊತ್ತವನು ಏರಿನಲ್ಲಿ ಉದ್ದ ಹೆಜ್ಜೆ ಹಾಕುವುದಿಲ್ಲ, ಗಿಡ್ಡ ಹೆಜ್ಜೆ ಹಾಕುತ್ತಾನೆ. ಪ್ರತಿ ಹೆಜ್ಜೆ ಹಗುರ, ಆದರೆ ಹೆಜ್ಜೆಗಳ ಸಂಖ್ಯೆ ಜಾಸ್ತಿ. ಇಲ್ಲೂ ಅಷ್ಟೇ.

ನಮ್ಮ ಅಕೌಂಟೆನ್ಸಿಯಲ್ಲಿ ಪ್ರತಿ ಡೆಬಿಟ್‌ಗೆ ಒಂದು ಕ್ರೆಡಿಟ್ ಇರಲೇಬೇಕು. ಗೇರಿನಲ್ಲೂ ಹಾಗೆಯೇ. 44 ಹಲ್ಲು ಹಾಕಿದರೆ ಪ್ರತಿ ಗೇರಿನಲ್ಲೂ ಚಕ್ರವನ್ನು ತಿರುಗಿಸುವ ಬಲ ಶೇಕಡ 4.8 ಹೆಚ್ಚು. ಇದು ಲಾಭದ ಕಡೆ. ಅದೇ ಗೇರಿನಲ್ಲಿ ಅದೇ ವೇಗಕ್ಕೆ ಎಂಜಿನ್ ಶೇಕಡ 4.8 ಹೆಚ್ಚು ಸುತ್ತಬೇಕು. ಇದು ಖರ್ಚಿನ ಕಡೆ. ಟಾಪ್ ಗೇರಿನಲ್ಲಿ 5000 ಸುತ್ತಿಗೆ 60 ಕಿ.ಮೀ. ವೇಗ ಬರುತ್ತಿದ್ದರೆ ಈಗ ಅದೇ 5000 ಸುತ್ತಿಗೆ ಸುಮಾರು 57 ಬರುತ್ತದೆ. ಎಂಜಿನ್ನಿನ ಪವರ್ ಮಾತ್ರ ಒಂದು ಚೂರೂ ಹೆಚ್ಚುವುದಿಲ್ಲ. ಸ್ಪ್ರಾಕೆಟ್ ಅಂಗಡಿಯಲ್ಲಿ ಪವರ್ ಮಾರುವುದಿಲ್ಲ!

ಈಗ ಸ್ಪೋರ್ಟ್ಸ್ ಕಾರಿಗೆ ಬರೋಣ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ಪುಟ್ಟ ಕಾರು ಪ್ರಪಂಚದಲ್ಲಿ ಬಹಳ ಹೆಸರು ಮಾಡಿತು. ಮೊದಲು ಬಂದ 1600 ಸಿಸಿ ಕಾರಿನ ಫೈನಲ್ ಡ್ರೈವ್ 4.3 ಇತ್ತು. ನಂತರ 1800 ಸಿಸಿ ಎಂಜಿನ್ ಬಂದಾಗ ಕಂಪನಿ ಅದನ್ನು 4.1 ಮಾಡಿತು. ಎಂಜಿನ್ ದೊಡ್ಡದಾದ್ದರಿಂದ ಗಿಡ್ಡ ಹೆಜ್ಜೆಯ ಅವಶ್ಯಕತೆ ಕಡಿಮೆಯಾಯಿತು. 4.1 ತೆಗೆದು 4.3 ಹಾಕಿದರೆ ಆಗುವ ಬದಲಾವಣೆ ಶೇಕಡ 4.9. ಅಂದರೆ ನಮ್ಮ ಗ್ಯಾರೇಜಿನ ಎರಡು ಹಲ್ಲಿಗೆ ಬಹುತೇಕ ಸಮ.

ಇಷ್ಟು ಮಾಡಿದರೆ ಕಾರು ಬೇಗ 100 ಕಿ.ಮೀ. ವೇಗ ಮುಟ್ಟುತ್ತದೆಯೇ? ಯಾವಾಗಲೂ ಇಲ್ಲ. ಒಂದು ಕಾರು ಎರಡನೇ ಗೇರಿನಲ್ಲಿ 103ರವರೆಗೆ ಹೋಗುತ್ತದೆ ಎಂದುಕೊಳ್ಳಿ. ಶೇಕಡ 4.9 ಗಿಡ್ಡ ಮಾಡಿದರೆ ಅದು 98ಕ್ಕೇ ನಿಲ್ಲುತ್ತದೆ. 100 ಮುಟ್ಟಲು ಮೂರನೇ ಗೇರ್ ಹಾಕಬೇಕು. ಗಳಿಸಿದ ಸಮಯ ಗೇರ್ ಹಾಕುವುದರಲ್ಲೇ ಹೋಗುತ್ತದೆ.

ಆದ್ದರಿಂದ ರಸ್ತೆ ನೋಡಿ ಗೇರ್ ಆರಿಸಬೇಕು. ನಮ್ಮ ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ರಸ್ತೆಯಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳು ನಡೆದಿವೆ. 2013, 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದವರು ಭಾರತದ ಗೌರವ್ ಗಿಲ್. ಅಂಥ ರಸ್ತೆಯಲ್ಲಿ ತಿರುವಿನ ಮೇಲೆ ತಿರುವು. ಹೆದ್ದಾರಿಯ ವೇಗ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ತಿರುವಿನಿಂದ ಎದ್ದು ಹೊರಡುವುದು ಮುಖ್ಯ. ಹಾಗಾಗಿ ರ್‍ಯಾಲಿ ಕಾರುಗಳಿಗೆ ಗಿಡ್ಡ ಗೇರಿಂಗ್. ಮಾಮೂಲಿ ಕಾರಿಗೆ ಕಂಪನಿಯವರು ಉದ್ದ ಗೇರಿಂಗ್ ಕೊಡುವುದು ಮೈಲೇಜ್ ಬರಲಿ, ಶಬ್ದ ಕಡಿಮೆಯಾಗಲಿ ಎಂದು.

ಇಷ್ಟೆಲ್ಲ ಓದಿದ ಮೇಲೆ ನನಗೆ ಮುಖ್ಯ ಅನ್ನಿಸಿದ್ದು ಒಂದು ಪ್ರಶ್ನೆ: ಗಾಡಿ ಎಳೆಯದೇ ಇರುವುದು ಯಾವ ಗೇರಿನಲ್ಲಿ? ನಾಲ್ಕನೇ ಗೇರಿನಲ್ಲಿ ಏರು ಹತ್ತುವುದಿಲ್ಲ ಎಂದರೆ ಮೂರಕ್ಕೆ ಇಳಿಸಿದರೆ ಸಾಕು. ಎರಡು ಹಲ್ಲು ಕೊಡುವುದಕ್ಕಿಂತ ಎಷ್ಟೋ ಹೆಚ್ಚು ಬಲ ಆ ಒಂದು ಗೇರ್ ಪುಕ್ಕಟೆಯಾಗಿ ಕೊಡುತ್ತದೆ. ಆದರೆ ಮೊದಲನೇ ಗೇರಿನಲ್ಲೇ ಎಳೆಯದಿದ್ದರೆ? ಅದರ ಕೆಳಗೆ ಇಳಿಸಲು ಇನ್ನೊಂದು ಗೇರ್ ಇಲ್ಲ. ಆಗ ಹಾಫ್ ಕ್ಲಚ್ ಹಿಡಿಯಬೇಕಾಗುತ್ತದೆ, ಪ್ಲೇಟ್ ಸುಡುತ್ತದೆ. ಸ್ಪ್ರಾಕೆಟ್ ಬದಲಿಸುವುದಕ್ಕೆ ನಿಜವಾದ ಕಾರಣ ಇರುವುದು ಅಲ್ಲಿ.

ಅಬ್ಬಾರನ್ನು ಒಂದು ವಾರ ಗಮನಿಸಲು ಹೇಳಿದೆ. ಗಂಟು ತುಂಬಿದ್ದಾಗ ಏರಿನಲ್ಲಿ ನಿಂತು ಹೊರಡುವಾಗ ಒಂದನೇ ಗೇರಿನಲ್ಲೇ ಹಾಫ್ ಕ್ಲಚ್ ಬೇಕಾಗುತ್ತಿತ್ತು. ಆಗ ಖರ್ಚಿನ ಲೆಕ್ಕ ಹಾಕಿದೆ. ದಿನಕ್ಕೆ 40 ಕಿ.ಮೀ., ವರ್ಷಕ್ಕೆ 300 ದಿನ. ಮೈಲೇಜ್ 60ರಿಂದ 57ಕ್ಕೆ ಇಳಿಯಿತು ಎಂದುಕೊಂಡರೆ ವರ್ಷಕ್ಕೆ ಸುಮಾರು ಹತ್ತೂವರೆ ಲೀಟರ್ ಹೆಚ್ಚು. ಲೀಟರಿಗೆ 100 ರೂಪಾಯಿ ಹಿಡಿದರೆ 1,050 ರೂಪಾಯಿ. ಇದು ಊಹೆಯ ಮೈಲೇಜ್, ಅದನ್ನು ಅಬ್ಬಾರಿಗೂ ಹೇಳಿದೆ. ಇನ್ನೊಂದು ಕಡೆ ಕ್ಲಚ್ ಪ್ಲೇಟಿನ ಹಣ, ಕೂಲಿ, ಜೊತೆಗೆ ಗಾಡಿ ಗ್ಯಾರೇಜಿನಲ್ಲಿ ನಿಂತ ದಿನ ವ್ಯಾಪಾರ ಇಲ್ಲ. ಎರಡನ್ನೂ ಪಕ್ಕಪಕ್ಕ ಬರೆದು ನೋಡಿ ಅಬ್ಬಾ 44 ಹಾಕಿಸಿದರು. ಈಗ ಏರಿನಲ್ಲಿ ಹೊರಡುವುದು ಸಲೀಸು. ಸಪಾಟು ರಸ್ತೆಯಲ್ಲಿ ಎಂಜಿನ್ ಶಬ್ದ ಸ್ವಲ್ಪ ಜಾಸ್ತಿ. ಪೆಟ್ರೋಲ್ ಹಾಕಿಸಿದ ದಿನವೆಲ್ಲ ಕಿಲೋಮೀಟರ್ ಬರೆದಿಡುತ್ತಿದ್ದಾರೆ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಮಾಡಿಸುವುದಿದ್ದರೆ ಇಷ್ಟು ನೆನಪಿಡಿ.

ಮೊದಲು ಹಳೆಯ ಸ್ಪ್ರಾಕೆಟ್‌ಗಳ ಹಲ್ಲು ಎಣಿಸಿ ಬರೆದುಕೊಳ್ಳಿ. ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೆ ಬದಲಿಸಿ, ಹಳೆಯ ಚೈನ್ ಹೊಸ ಹಲ್ಲನ್ನು ಬೇಗ ತಿನ್ನುತ್ತದೆ. ಹಿಂದಿನದು ದೊಡ್ಡದಾದರೆ ಚೈನಿಗೆ ಉದ್ದ ಸಾಲದೆ ಹೋಗಬಹುದು. ಮುಂದಿನದು ತುಂಬ ಚಿಕ್ಕದಾದರೆ ಚೈನ್ ಹೆಚ್ಚು ಬಾಗಿ ಬೇಗ ಸವೆಯುತ್ತದೆ. ಬೈಕಿನ ಸ್ಪೀಡೋಮೀಟರ್ ಕೇಬಲ್ ಮುಂದಿನ ಚಕ್ರದಿಂದ ಬಂದಿದ್ದರೆ ಮೀಟರಿಗೆ ಏನೂ ಆಗುವುದಿಲ್ಲ. ಗೇರ್ ಬಾಕ್ಸಿನಿಂದ ಕೇಬಲ್ ಹೋಗುವ ಹಳೆಯ ಕಾರುಗಳಲ್ಲಿ ಕ್ರೌನ್ ಬದಲಿಸಿದರೆ ಮೀಟರ್ ನಿಜಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ.

ಒಬ್ಬರೇ ಹಗುರವಾಗಿ ಶಿರಾಳಕೊಪ್ಪಕ್ಕೆ ಹೋಗಿ ಬರುವವರಾದರೆ ಕಂಪನಿ ಕೊಟ್ಟ ಹಲ್ಲುಗಳೇ ಸರಿ. ಆ ದುಡ್ಡು ಪೆಟ್ರೋಲಿಗೆ ಆಗುತ್ತದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ